ಮಕ್ಕಳು, ಯುವಜನರ ಬಗ್ಗೆ ಪಿಜಿ ಮಾಡಬೇಕಾ? ಕಲಬುರಗಿ, ಬೀದರ್, ಯಾದಗಿರಿಯವರಿಗೆ ಸಮಗ್ರ ಮಾರ್ಗದರ್ಶಿ

‘ಬಾಲ್ಯ ಮತ್ತು ಯೌವನ’ ಎಂಬ ಹೆಸರಿನ ಎಂ.ಎ. ಹುಡುಕಿಕೊಂಡು ನಮ್ಮ ಭಾಗದಲ್ಲಿ ಓಡಾಡಬೇಡಿ, ಸಿಗುವುದಿಲ್ಲ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಂಥ ಕಡೆ ಆ ಹೆಸರಿನಲ್ಲೇ ಸ್ನಾತಕೋತ್ತರ ಓದು ಇದೆ. ಇಲ್ಲಿ ಅದನ್ನು ನೀವೇ ಕಟ್ಟಿಕೊಳ್ಳಬೇಕು. ಸಮಾಜಕಾರ್ಯ, ಸಮಾಜಶಾಸ್ತ್ರ, ಮನಃಶಾಸ್ತ್ರ, ಶಿಕ್ಷಣ, ಈ ನಾಲ್ಕರಲ್ಲಿ ಯಾವುದಾದರೂ ಒಂದಕ್ಕೆ ಸೇರಿಕೊಂಡು, ಐಚ್ಛಿಕ ಪತ್ರಿಕೆ, ಫೀಲ್ಡ್‌ವರ್ಕ್, ಕೊನೆಯ ಡಿಸರ್ಟೇಶನ್ (ಸಂಶೋಧನಾ ಪ್ರಬಂಧ) ಮೂರನ್ನೂ ಮಕ್ಕಳ ಕಡೆಗೆ ತಿರುಗಿಸಿಕೊಳ್ಳುವುದು. ಸರ್ಟಿಫಿಕೇಟ್ ಮೇಲೆ ಏನು ಹೆಸರಿದೆ ಅನ್ನುವುದು ಅಷ್ಟು ಮುಖ್ಯ ಅಲ್ಲ. ಎರಡು ವರ್ಷ ಯಾರ ಜೊತೆ ಕೂತು ಏನು ಕೇಳಿದಿರಿ ಅನ್ನುವುದೇ ಆಮೇಲೆ ಕೈ ಹಿಡಿಯುತ್ತದೆ.

1. ಯಾರು ಮಗು, ಯಾರು ಯುವಕ ಅನ್ನುವುದನ್ನು ಮೊದಲು ಬಿಡಿಸಿಕೊಳ್ಳಿ

ಸುರಪುರ ತಾಲ್ಲೂಕಿನ 17 ವರ್ಷದ ಒಬ್ಬ ಹುಡುಗಿ, ಅವಳ 12 ವರ್ಷದ ತಮ್ಮ ಇದ್ದಾರೆ ಅಂದುಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಅಲ್ಲಿ ತಮ್ಮ ಬರುತ್ತಾನೆ, ಅಕ್ಕ ಬರುವುದಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ 14ರೊಳಗಿನವರನ್ನು ಯಾವ ಕೆಲಸಕ್ಕೂ ಹಚ್ಚುವಂತಿಲ್ಲ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರ ಕೆಲಸಕ್ಕೆ ಕೈಜೋಡಿಸಬಹುದು ಎಂಬ ವಿನಾಯಿತಿ ಇದೆ. ಹಾಗಾಗಿ ಆ ತಮ್ಮ ಸಂಜೆ ಹತ್ತಿ ಹೊಲದಲ್ಲಿ ಕಂಡರೆ, ಹೊಲ ಯಾರದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಗೆ (2012), ಬಾಲನ್ಯಾಯ ಕಾಯ್ದೆಗೆ (2015) 18 ತುಂಬುವವರೆಗೆ ಇಬ್ಬರೂ ಮಕ್ಕಳೇ. ವಿಶ್ವ ಆರೋಗ್ಯ ಸಂಸ್ಥೆಗೆ 10ರಿಂದ 19 ಹದಿಹರೆಯ. ವಿಶ್ವಸಂಸ್ಥೆಗೆ 15ರಿಂದ 24 ಯುವಜನ. ನಮ್ಮ 2014ರ ರಾಷ್ಟ್ರೀಯ ಯುವನೀತಿಗೆ 15ರಿಂದ 29, ಅದಕ್ಕೂ ಹಿಂದಿನ 2003ರ ನೀತಿಗೆ 13ರಿಂದ 35! ಅಂದರೆ ಅಕ್ಕ ಒಂದೇ ಹೊತ್ತಿಗೆ ಮಗುವೂ ಹೌದು, ಹದಿಹರೆಯದವಳೂ ಹೌದು, ಯುವತಿಯೂ ಹೌದು. ಮನೆಯಲ್ಲಿ ಕೇಳಿದರೆ ಲಗ್ನಕ್ಕೆ ಬಂದ ಹುಡುಗಿ.

ಇಡೀ ಓದು ಹುಟ್ಟುವುದು ಈ ಗೊಂದಲದಿಂದಲೇ. ಫ್ರೆಂಚ್ ಇತಿಹಾಸಕಾರ ಫಿಲಿಪ್ ಆರಿಯೆ 1960ರಲ್ಲಿ, ನಾವು ಇವತ್ತು ಬಾಲ್ಯ ಅನ್ನುವ ಕಲ್ಪನೆ ಎಲ್ಲ ಕಾಲದಲ್ಲೂ ಹೀಗೇ ಇರಲಿಲ್ಲ ಎಂದು ವಾದಿಸಿದ. ಅವನ ಪುರಾವೆಗಳ ಬಗ್ಗೆ ಆಮೇಲೆ ತುಂಬಾ ಜಗಳ ಆಯಿತು, ಆದರೂ ಚರ್ಚೆ ಮಾತ್ರ ನಿಲ್ಲಲಿಲ್ಲ. 1990ರಲ್ಲಿ ಆಲಿಸನ್ ಜೇಮ್ಸ್ ಮತ್ತು ಆಲನ್ ಪ್ರೌಟ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಕ್ಕಳು ಮುಂದೆ ದೊಡ್ಡವರಾಗುವವರು ಅಷ್ಟೇ ಅಲ್ಲ, ಈಗಲೇ ತಮ್ಮ ಬದುಕನ್ನು ತಾವೂ ನಡೆಸುವವರು, ಅವರನ್ನೇ ಕೇಳಿ ಎಂದರು. ನಿಮ್ಮ ಸಿನಾಪ್ಸಿಸ್‌ನಲ್ಲಿ (ಪ್ರಬಂಧದ ರೂಪರೇಖೆ) ವಯಸ್ಸಿನ ಮಿತಿ ಹಾಕುವಾಗ ಅದೇ ಮಿತಿ ಯಾಕೆ ಅನ್ನುವುದಕ್ಕೆ ನಾಲ್ಕು ಸಾಲು ಬರೆದಿಡಿ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳೇ ಕೇಳುತ್ತಾರೆ.

2. ಪ್ರಶ್ನೆ ಮೊದಲು, ವಿಭಾಗ ಆಮೇಲೆ

ಬಹಳ ಜನ ಮಾಡುವುದು ಉಲ್ಟಾ. ಎಲ್ಲಿ ಸೀಟು ಸಿಕ್ಕಿತೋ ಅಲ್ಲಿ ಸೇರಿ, ಮೂರನೇ ಸೆಮಿಸ್ಟರ್‌ನಲ್ಲಿ ‘ಸರ್, ಒಂದು ಟಾಪಿಕ್ ಕೊಡ್ರಿ’ ಎಂದು ಗೈಡ್ ಮುಂದೆ ನಿಲ್ಲುತ್ತಾರೆ. ಆಗ ಸಿಗುವುದು ಹತ್ತು ಸಲ ಆಗಿಹೋದ ಟಾಪಿಕ್.

ಅದರ ಬದಲು ನಿಮ್ಮ ಊರಲ್ಲಿ ನಿಮ್ಮನ್ನು ಕಾಡಿದ ಒಂದು ಸಂಗತಿಯನ್ನು ಪ್ರಶ್ನೆಯಾಗಿ ಬರೆದುಕೊಳ್ಳಿ. ಲಂಬಾಣಿ ತಾಂಡಾದಿಂದ ತಂದೆ-ತಾಯಿ ಮುಂಬೈ, ಪುಣೆಗೆ ಗುಳೆ ಹೋದಾಗ ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಆ ಮನೆಯಲ್ಲಿ ತೀರ್ಮಾನ ಯಾರದು? ಇದಕ್ಕೆ ಸಮಾಜಶಾಸ್ತ್ರ ಸರಿ. ಬಾಲ್ಯವಿವಾಹ ತಡೆದ ಮೇಲೆ ಆ ಹುಡುಗಿಯ ಮುಂದಿನ ವರ್ಷ ಹೇಗೆ ಹೋಯಿತು? ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯ. ಮನೆಯಲ್ಲಿ ಲಂಬಾಣಿ ಅಥವಾ ದಖನಿ ಉರ್ದು ಮಾತಾಡುವ ಮಗು ಒಂದನೇ ತರಗತಿಯಲ್ಲಿ ಕನ್ನಡ ಹೇಗೆ ಹಿಡಿಯುತ್ತದೆ? ಶಿಕ್ಷಣ ವಿಭಾಗ. ಬೀದರ್ ಗಡಿಯ ಹಳ್ಳಿಗಳಲ್ಲಿ ಮರಾಠಿ, ತೆಲುಗು ಎರಡೂ ಸೇರಿಕೊಳ್ಳುತ್ತವೆ, ಅಲ್ಲಿ ಇದೇ ಪ್ರಶ್ನೆ ಇನ್ನೂ ಚೆನ್ನಾಗಿರುತ್ತದೆ. ಪಿಯುಸಿ ಫೇಲಾದ ಹುಡುಗರ ಒತ್ತಡ, ನಿದ್ದೆ, ಮೊಬೈಲ್ ಎಂದರೆ ಮನಃಶಾಸ್ತ್ರ. ಎರಡು ಸಾಲಿನಲ್ಲಿ ಪ್ರಶ್ನೆ ಬರೆಯಲು ಆಗದಿದ್ದರೆ ಇನ್ನೊಂದು ವಾರ ಯೋಚಿಸಿ, ಅರ್ಜಿ ಆಮೇಲೆ ಹಾಕಿ.

3. ಎಲ್ಲಿ ಸೇರಬಹುದು

ಮನೆ ಹತ್ತಿರ ಅಂದರೆ ಗುಲಬರ್ಗಾ ವಿಶ್ವವಿದ್ಯಾಲಯ. 1980ರಿಂದ ಇದೆ, ಸಮಾಜಕಾರ್ಯ, ಸಮಾಜಶಾಸ್ತ್ರ, ಶಿಕ್ಷಣ ವಿಭಾಗಗಳು ಅಲ್ಲಿವೆ. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಲ್ಲಿ ಮನಃಶಾಸ್ತ್ರ, ಸಮಾಜಕಾರ್ಯ ಎರಡೂ ಸಿಗುತ್ತವೆ. ಪಾಠ ಇಂಗ್ಲಿಷ್‌ನಲ್ಲಿ, ಸಹಪಾಠಿಗಳು ಬೇರೆ ಬೇರೆ ರಾಜ್ಯದವರು. ಅದು ಕಷ್ಟವೂ ಹೌದು, ಲಾಭವೂ ಹೌದು. ಬೀದರ್‌ಗೆ 2023ರಲ್ಲಿ ಸ್ವಂತ ವಿಶ್ವವಿದ್ಯಾಲಯ ಬಂತು. ಯಾದಗಿರಿ ಜಿಲ್ಲೆ ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಊರು ಬಿಟ್ಟು ಹೋಗಲು ಸಿದ್ಧ ಇದ್ದರೆ: ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನದ ಎಂ.ಎಸ್ಸಿ., ಮುಂಬೈನ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ಮಕ್ಕಳು ಮತ್ತು ಕುಟುಂಬದ ಮೇಲೆ ಒತ್ತು ಕೊಡುವ ಸಮಾಜಕಾರ್ಯ, ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದಲ್ಲಿ ಶಾಲಾಪೂರ್ವ ವಯಸ್ಸಿನ ಮಕ್ಕಳ ಶಿಕ್ಷಣ. ಯುವಜನರೇ ನಿಮ್ಮ ಆಸಕ್ತಿ ಆದರೆ ತಮಿಳುನಾಡಿನ ಶ್ರೀಪೆರಂಬದೂರಿನ ರಾಜೀವ್ ಗಾಂಧಿ ರಾಷ್ಟ್ರೀಯ ಯುವಜನ ಅಭಿವೃದ್ಧಿ ಸಂಸ್ಥೆ ನೋಡಿ. ಅದಕ್ಕೆ 2012ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ಸಿಕ್ಕಿದೆ.

ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಹೆಸರಿಗೆ ಮರುಳಾಗಬೇಡಿ. ಗುಳೆ, ತಾಂಡಾ, ಶಹಾಬಾದ್ ಕಡೆಯ ಪರ್ಸಿ ಕಲ್ಲಿನ ಕಣಿ, ಹತ್ತಿ ಹೊಲ ಇವೆಲ್ಲ ಕಾಲ ಬುಡದಲ್ಲೇ ಇರುವಾಗ ಇಲ್ಲಿಯ ಸಾಧಾರಣ ವಿಭಾಗವೂ ಒಳ್ಳೆಯ ಜಾಗವೇ. ಗೈಡ್ ಮಾತ್ರ ಸರಿಯಾಗಿ ಸಿಗಬೇಕು. ಸೇರುವ ಮುಂಚೆ ವಿಭಾಗಕ್ಕೆ ಒಮ್ಮೆ ಹೋಗಿ, ಹಿಂದಿನ ವರ್ಷದ ಡಿಸರ್ಟೇಶನ್‌ಗಳನ್ನು ಕೇಳಿ ತಿರುವಿ ಹಾಕಿ. ಮಕ್ಕಳ ಮಾತು ಒಂದಾದರೂ ಪುಟದಲ್ಲಿ ಇದೆಯಾ, ಇಲ್ಲಾ ಬರೀ ಶೇಕಡಾವಾರು ಕೋಷ್ಟಕಗಳಾ? ಅಷ್ಟರಲ್ಲೇ ವಿಭಾಗದ ಹಣೆಬರಹ ಗೊತ್ತಾಗುತ್ತದೆ.

4. ಅರ್ಜಿ, ಕಾಗದಪತ್ರ, ದುಡ್ಡು

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ಎಂಬ ದೇಶಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್‌ನಲ್ಲಿ, ಅರ್ಜಿ ಅದಕ್ಕೂ ಎರಡು ಮೂರು ತಿಂಗಳು ಮುಂಚೆ. ಡಿಗ್ರಿ ಕೊನೆಯ ಸೆಮಿಸ್ಟರ್‌ನಲ್ಲಿ ಇರುವಾಗಲೇ ಹಾಕಬೇಕು ಅನ್ನುವುದು ನಮ್ಮ ಹಳ್ಳಿ ಕಾಲೇಜುಗಳಲ್ಲಿ ಯಾರೂ ಹೇಳುವುದಿಲ್ಲ, ರಿಸಲ್ಟ್ ಬಂದ ಮೇಲೆ ನೋಡೋಣ ಅಂದವರ ವರ್ಷ ಹೋಯಿತು. ರಾಜ್ಯ ವಿಶ್ವವಿದ್ಯಾಲಯಗಳಿಗೆ ಅರ್ಜಿ ಯುಯುಸಿಎಂಎಸ್ ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ.

ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಸಹಾಯಕ ಆಯುಕ್ತರ ಕಚೇರಿಯಿಂದ ಸಿಗುತ್ತದೆ. ನಮ್ಮ ಭಾಗದ ರಾಜ್ಯ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ 70% ಸೀಟು, ರಾಜ್ಯದ ಬೇರೆ ಕಡೆ 8% ಇದರಿಂದ ಬರುತ್ತದೆ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿ. ವಿದ್ಯಾರ್ಥಿವೇತನಕ್ಕೆ ಅರ್ಜಿ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿರದಿದ್ದರೆ ದುಡ್ಡು ಬರುವುದಿಲ್ಲ. ಇನ್ನೊಂದು ವಿಷಯ: ಪಿಜಿಗೆ ಸೇರಿದರೆ, ಕೆಲಸ ಸಿಗದ ಪದವೀಧರರಿಗೆ ಸರ್ಕಾರ ಕೊಡುವ ಯುವನಿಧಿಯ 3,000 ರೂಪಾಯಿ ಸಿಗುವುದಿಲ್ಲ, ಓದು ಮುಂದುವರಿಸಿದವರಿಗೆ ಅದು ಇಲ್ಲ. ಮನೆಯಲ್ಲಿ ಆ ದುಡ್ಡಿನ ಲೆಕ್ಕ ಹಾಕಿದ್ದರೆ ಮೊದಲೇ ಮಾತಾಡಿಕೊಳ್ಳಿ.

5. ಓದುವುದು ಹೇಗೆ

ಕನ್ನಡ ಮಾಧ್ಯಮದಿಂದ ಬಂದವರಿಗೆ ದೊಡ್ಡ ಗೋಡೆ ಅಂದರೆ ಇಂಗ್ಲಿಷ್ ಲೇಖನಗಳು. ಪದ ಪದಕ್ಕೂ ನಿಘಂಟು ತೆಗೆದು ಕೂತರೆ ಎರಡನೇ ಪುಟಕ್ಕೇ ಸುಸ್ತು. ಮೊದಲ ಸಲ ಬರೀ ಪೀಠಿಕೆ ಮತ್ತು ಕೊನೆಯ ಭಾಗ ಓದಿ. ಆಮೇಲೆ ಕನ್ನಡದಲ್ಲಿ ಮೂರೇ ಸಾಲು ಬರೆಯಿರಿ: ಇವರು ಯಾರನ್ನು ಕೇಳಿದರು, ಏನು ಸಿಕ್ಕಿತು, ನಮ್ಮ ಊರಿಗೆ ಇದು ಎಲ್ಲಿ ಒಪ್ಪುವುದಿಲ್ಲ. ಮೂರನೇ ಸಾಲು ತಪ್ಪಿಸಬೇಡಿ, ನಿಮ್ಮ ಡಿಸರ್ಟೇಶನ್ ಅಲ್ಲಿಂದಲೇ ಏಳುತ್ತದೆ. ಶೋಧಗಂಗಾದಲ್ಲಿ ಭಾರತದ ಪಿಎಚ್.ಡಿ. ಪ್ರಬಂಧಗಳು, ಇ-ಪಿಜಿ ಪಾಠಶಾಲಾದಲ್ಲಿ ಪಠ್ಯ, ಎರಡೂ ಪುಕ್ಕಟೆ.

ಮಕ್ಕಳ ಬೆಳವಣಿಗೆಯ ಬಗ್ಗೆ ಬರೆದ ಪಿಯಾಜೆ, ವಿಗಾಟ್‌ಸ್ಕಿ, ಎರಿಕ್‌ಸನ್ ಎಲ್ಲ ಸಿಲಬಸ್‌ನಲ್ಲಿ ಇದ್ದೇ ಇರುತ್ತಾರೆ, ಅವರ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ಬ್ರಾನ್‌ಫೆನ್‌ಬ್ರೆನ್ನರ್ ಮಾತ್ರ ಚೆನ್ನಾಗಿ ಓದಿಕೊಳ್ಳಿ. ಮಗುವಿನ ಸುತ್ತ ಮನೆ, ಶಾಲೆ, ಅಪ್ಪನ ಕೆಲಸದ ಜಾಗ, ಸರ್ಕಾರದ ನೀತಿ ಇವೆಲ್ಲ ಒಂದರ ಸುತ್ತ ಒಂದು ಇವೆ ಎಂದು ಅವನು ಹೇಳುತ್ತಾನೆ. ಗುಳೆ ಹೋಗುವ ಕುಟುಂಬಕ್ಕೆ ಇದು ಬಹಳ ಹೊಂದುತ್ತದೆ, ಯಾಕೆಂದರೆ ಮಗು ಯಾವತ್ತೂ ನೋಡದ ಪುಣೆಯ ಒಂದು ಕಟ್ಟಡದ ಕೆಲಸ ನಿಂತರೆ ಇಲ್ಲಿ ಅದರ ಶಾಲೆ ಬದಲಾಗುತ್ತದೆ. ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈರನ್ ವೀನರ್ 1991ರಲ್ಲಿ ಹೇಳಿದ್ದನ್ನೂ ನೋಡಿ: ಭಾರತದಲ್ಲಿ ಮಕ್ಕಳು ದುಡಿಯುವುದಕ್ಕೆ ಬಡತನ ಒಂದೇ ಕಾರಣ ಅಲ್ಲ, ಬಡವರ ಮಕ್ಕಳು ದುಡಿದರೇನಂತೆ ಎಂಬ ಅಧಿಕಾರಿ ವರ್ಗ, ಮಧ್ಯಮ ವರ್ಗದ ಮನೋಭಾವವೂ ಕಾರಣ ಅನ್ನುವುದು ಅವನ ವಾದ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಮಕ್ಕಳಿಗೆ ನಿಜವಾಗಿ ಎಷ್ಟು ಪಾಲು ಸಿಕ್ಕಿದೆ ಎಂದು ಅಳೆಯಲು ರೋಜರ್ ಹಾರ್ಟ್ 1992ರಲ್ಲಿ ಕೊಟ್ಟ ಎಂಟು ಮೆಟ್ಟಿಲಿನ ಏಣಿಯನ್ನು ಕೈಯಲ್ಲಿ ಹಿಡಿದು ಒಂದು ಮಕ್ಕಳ ಗ್ರಾಮಸಭೆಗೆ ಹೋಗಿ ಕೂತುಕೊಳ್ಳಿ. ಕೆಳಗಿನ ಮೂರು ಮೆಟ್ಟಿಲಿನಲ್ಲಿ ಮಕ್ಕಳು ಬರೀ ಶೋಭೆಗೆ, ಮೇಲಕ್ಕೆ ಹೋದಷ್ಟೂ ನಿಜವಾದ ಪಾಲು. ವೇದಿಕೆಯಲ್ಲಿ ಯಾರು ಎಷ್ಟು ಹೊತ್ತು ಮಾತಾಡಿದರು, ಮಗು ಕೈಯಲ್ಲಿ ಹಿಡಿದ ಚೀಟಿ ಯಾರ ಅಕ್ಷರದಲ್ಲಿದೆ, ಶೌಚಾಲಯಕ್ಕೆ ನೀರಿಲ್ಲ ಎಂದು ಹುಡುಗಿ ಎದ್ದು ಹೇಳಿದಾಗ ಪಿಡಿಒ ಅದನ್ನು ಬರೆದುಕೊಂಡರಾ ಅಥವಾ ‘ಜೋರಾಗಿ ಚಪ್ಪಾಳೆ ತಟ್ರಿ’ ಅಂದರಾ ಎಂದು ಗುರುತು ಹಾಕಿಕೊಳ್ಳಿ. ಒಂದು ಬೆಳಗಿನ ಕೆಲಸ, ಆದರೆ ಒಂದು ಸೆಮಿನಾರ್ ಪೇಪರ್‌ಗೆ ಸಾಕು.

6. ಅಂಕಿ ಅಂಶ ಎಲ್ಲಿ, ಹೇಗೆ ಬಳಸುವುದು

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ 51.83%, ರಾಜ್ಯದಲ್ಲೇ ಕಡಿಮೆ. ಈ ಸಾಲು ಎಲ್ಲರ ಪ್ರಬಂಧದಲ್ಲೂ ಇರುತ್ತದೆ. ಇರಲಿ. ಆದರೆ ಅದೊಂದೇ ಸಾಲಿನಿಂದ ‘ಹಿಂದುಳಿದ ಜಿಲ್ಲೆಯ ಹಿಂದುಳಿದ ಮಕ್ಕಳು’ ಎಂದು ಶುರು ಮಾಡಬೇಡಿ ದಯವಿಟ್ಟು. ಹಿಂದುಳಿದದ್ದು ಯಾಕೆ ಅನ್ನುವುದಕ್ಕೆ 2002ರ ನಂಜುಂಡಪ್ಪ ಸಮಿತಿ ವರದಿ ಇದೆ. ಅದು ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅದನ್ನು ಓದಿದರೆ ಶಾಲೆ, ಆಸ್ಪತ್ರೆ, ರಸ್ತೆ ಎಲ್ಲಿ ಕಡಿಮೆ ಬಿತ್ತು ಎಂದು ತಿಳಿಯುತ್ತದೆ, ತಪ್ಪನ್ನು ಮಕ್ಕಳ ತಲೆಗೆ ಕಟ್ಟುವುದು ತಪ್ಪುತ್ತದೆ.

18 ತುಂಬುವ ಮುಂಚೆ ಮದುವೆಯಾದವರ ಪ್ರಮಾಣಕ್ಕೆ 2019–21ರ ಎನ್‌ಎಫ್‌ಎಚ್‌ಎಸ್-5 (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಜಿಲ್ಲಾ ವರದಿ ನೋಡಿ. ಶಾಲೆಗಳ ಲೆಕ್ಕಕ್ಕೆ ಸರ್ಕಾರದ ಯುಡೈಸ್ ಪ್ಲಸ್. ಓದು, ಲೆಕ್ಕ ಎಷ್ಟು ಬರುತ್ತದೆ ಅನ್ನುವುದಕ್ಕೆ 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆ. ಒಂದು ವ್ಯತ್ಯಾಸ ನೆನಪಿಡಿ: ಯುಡೈಸ್ ಲೆಕ್ಕ ಶಾಲೆಯಿಂದ ಬರುತ್ತದೆ, ಅಸರ್ ಹಳ್ಳಿಯ ಮನೆಗಳಿಗೆ ಹೋಗುತ್ತದೆ. ದಾಖಲಾತಿ ಇರುವ, ಆದರೆ ಶಾಲೆಗೆ ಬಾರದ ಮಗು ಮೊದಲನೆಯದರಲ್ಲಿ ಕಾಣಿಸುತ್ತದೆ, ಎರಡನೆಯದು ಹೋದ ದಿನ ಮನೆಗೆ ಬೀಗ ಇದ್ದರೆ ಅದರಲ್ಲಿ ಕಾಣಿಸುವುದೇ ಇಲ್ಲ.

7. ಫೀಲ್ಡ್‌ವರ್ಕ್

ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಡಿಸರ್ಟೇಶನ್ ಕೆಡುವುದೂ ಇಲ್ಲೇ, ಗೆಲ್ಲುವುದೂ ಇಲ್ಲೇ.

ಮೊದಲು ಕ್ಯಾಲೆಂಡರ್. ಡಿಸರ್ಟೇಶನ್ ಬರುವುದು ನಾಲ್ಕನೇ ಸೆಮಿಸ್ಟರ್‌ಗೆ, ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ, ಏಪ್ರಿಲ್ ಮಧ್ಯದಿಂದ ಮೇ ಕೊನೆವರೆಗೆ ಶಾಲೆಗೆ ರಜೆ, ಜೊತೆಗೆ ನಮ್ಮ ಬಿಸಿಲು. ದೀಪಾವಳಿ ಆದಮೇಲೆ ಗುಳೆ ಶುರು, ಬೀದರ್ ಕಡೆ ಕಬ್ಬು ಕಡಿಯುವ ಕಾಲ, ಯಾದಗಿರಿಯಲ್ಲಿ ಹತ್ತಿ ಬಿಡಿಸುವ ಕಾಲ, ಡಿಸೆಂಬರ್-ಜನವರಿಗೆ ಕಲಬುರಗಿಯಲ್ಲಿ ತೊಗರಿ ರಾಶಿ. ಜನವರಿಯಲ್ಲಿ ತಾಂಡಾಕ್ಕೆ ಹೋದರೆ ವಯಸ್ಸಾದವರು, ಸಣ್ಣ ಮಕ್ಕಳು ಸಿಗುತ್ತಾರೆ, ತಂದೆ-ತಾಯಿ ಸಿಗುವುದಿಲ್ಲ. ನಿಮ್ಮ ಪ್ರಶ್ನೆಗೆ ಯಾರು ಬೇಕೋ ಅದರ ಮೇಲೆ ತಿಂಗಳು ಆರಿಸಿ. ಮೂರನೇ ಸೆಮಿಸ್ಟರ್‌ನಲ್ಲೇ ಅರ್ಧ ಮುಗಿಸುವುದು ಜಾಣತನ. ಏಪ್ರಿಲ್, ಮೇನಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ ಅನ್ನುವುದೂ ತಲೆಯಲ್ಲಿರಲಿ.

ಆಮೇಲೆ ಅನುಮತಿ. ಶಾಲೆಗೆ ಬಿಇಒ ಅಥವಾ ಡಿಡಿಪಿಐ ಪತ್ರ, ಅಂಗನವಾಡಿಗೆ ಸಿಡಿಪಿಒ, ತಾಂಡಾಕ್ಕೆ ಅಲ್ಲಿನ ಮುಖಂಡರಾದ ನಾಯಕ ಮತ್ತು ಕಾರಭಾರಿಯ ಜೊತೆ ಒಂದು ಚಹಾ. ಬಾಲಮಂದಿರದಂಥ ಕಡೆ ಹೋಗಬೇಕೆಂದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಶುರು ಮಾಡಿ, ತಿಂಗಳುಗಟ್ಟಲೆ ಹಿಡಿಯಬಹುದು. ಅನುಮತಿ ಬಾರದಿದ್ದರೆ ಏನು ಮಾಡುವುದು ಎಂದು ಇನ್ನೊಂದು ದಾರಿಯನ್ನೂ ಮೊದಲೇ ಯೋಚಿಸಿ.

ಒಪ್ಪಿಗೆಯ ವಿಷಯ ಪುಸ್ತಕದಲ್ಲಿ ಸಲೀಸು: ಪೋಷಕರ ಸಹಿ, ಮಗುವಿನ ಒಪ್ಪಿಗೆ. ನೆಲದ ಮೇಲೆ ಹಾಗಲ್ಲ. ಅಪ್ಪ-ಅವ್ವ ಗುಳೆ ಹೋಗಿದ್ದಾರೆ, ಮನೆಯಲ್ಲಿ ಇರುವುದು ಆಯಿ (ಅಜ್ಜಿ) ಮಾತ್ರ. ಕಾಗದ ತೋರಿಸಿ ಹೆಬ್ಬೆಟ್ಟು ಒತ್ತಿ ಅಂದರೆ ಆಕೆಗೆ ನೆನಪಾಗುವುದು ಸಂಘದ ಸಾಲ, ಹೊಲದ ಪಹಣಿ, ರೇಷನ್ ಕಾರ್ಡ್. ಬೇಡ ಅನ್ನುತ್ತಾಳೆ, ಸರಿಯಾಗಿಯೇ ಅನ್ನುತ್ತಾಳೆ. ಹಾಗಾಗಿ ಗೈಡ್ ಹತ್ತಿರ ಮೊದಲೇ ಮಾತಾಡಿ, ಬಾಯಿಮಾತಿನ ಒಪ್ಪಿಗೆಯನ್ನು ಸಾಕ್ಷಿ ಇಟ್ಟುಕೊಂಡು ರೆಕಾರ್ಡ್ ಮಾಡುವ ಕ್ರಮಕ್ಕೆ ವಿಭಾಗದ ಅನುಮತಿ ತಗೊಳ್ಳಿ. ತಂದೆ-ತಾಯಿಗೆ ಫೋನ್ ಮಾಡಿಸಿ ಆಯಿ ಎದುರೇ ಮಾತಾಡಿ. ಮಗು ‘ಹ್ಞೂಂ’ ಅಂದಿತು ಅಂತ ಅದೇ ಒಪ್ಪಿಗೆ ಆಗುವುದಿಲ್ಲ. ಮೇಷ್ಟ್ರು ಪಕ್ಕದಲ್ಲಿ ನಿಂತಿದ್ದರೆ ಯಾವ ಮಗು ಬೇಡ ಅನ್ನುತ್ತದೆ?

ಇನ್ನು ಕೇಳುವ ಕ್ರಮ. ಮೊದಲು ಹೇಳಿದ ಸುರಪುರದ ಆ 12 ವರ್ಷದ ಹುಡುಗನಿಗೆ ‘ನೀ ಏನಾರ ದಗದ ಮಾಡ್ತೀ ಏನು?’ ಎಂದು ಕೇಳಿ ನೋಡಿ. ‘ಇಲ್ರೀ ಸರ್, ಸಾಲಿಗಿ ಹೋಗ್ತೀನಿ’ ಎಂಬ ಉತ್ತರ ಬರುತ್ತದೆ. ಪ್ರಶ್ನಾವಳಿಯಲ್ಲಿ ‘ಇಲ್ಲ’ ಎಂದು ಗುರುತು ಹಾಕಿ ನೀವು ಎದ್ದು ಬರುತ್ತೀರಿ. ಬದಲಿಗೆ ಒಂದು ಹಾಳೆ ಮೇಲೆ ದೊಡ್ಡ ಗಡಿಯಾರ ಬರೆದು, ಸ್ಕೆಚ್ ಪೆನ್ ಕೊಟ್ಟು, ನಿನ್ನೆ ಎದ್ದಾಗಿಂದ ಮಲಗುವವರೆಗೆ ಏನೇನು ಆಯಿತು ತುಂಬು ಅನ್ನಿ. ‘ಎದ್ದ್ ನೀರ್ ತಂದೆರೀ. ಅವ್ವ ರೊಟ್ಟಿ ಮಾಡೂತನಾ ತಂಗೀನ ಎತ್ಕೊಂಡ್ ಕುಂತಿದ್ದೆ. ಸಾಲಿ ಬಿಟ್ಟಮ್ಯಾಲ ಹತ್ತಿ ಬಿಡಸ್ಲಕ್ಕ ಹೋಗಿದ್ದೆ.’ ಯಾರ ಹೊಲಕ್ಕಪ್ಪಾ? ‘ಗೌಡ್ರ ಹೊಲಕ್ಕ.’ ಎಷ್ಟು ಕೊಟ್ಟರು? ‘ನಂಗ್ ಕೊಡಂಗಿಲ್ರೀ, ಅವ್ವನ ಲೆಕ್ಕದಾಗ ತೂಕ ಹಾಕ್ತಾರ.’ ಕಾನೂನು, ಕೂಲಿ, ಅಕ್ಕರೆ ಎಲ್ಲ ಒಂದೇ ಹಾಳೆಯಲ್ಲಿ ಬಂತು. ಹಾಳೆ ಅವನದ್ದು, ಫೋಟೊ ತಗೊಂಡು ಅವನಿಗೇ ವಾಪಸ್ ಕೊಡಿ.

ಕೊನೆಯದಾಗಿ ಪೋಕ್ಸೊ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ನಿಮಗೆ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 19ನೇ ಕಲಂ ಪ್ರಕಾರ ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಆಗಬಹುದು. ‘ನಾನು ಸಂಶೋಧಕ, ಗುಟ್ಟು ಕಾಪಾಡಬೇಕು’ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಆದ್ದರಿಂದ ‘ಯಾರಿಗೂ ಹೇಳುವುದಿಲ್ಲ’ ಎಂದು ಮಗುವಿಗೆ ಮಾತು ಕೊಡಲೇಬೇಡಿ. ಮಾತು ಶುರು ಮಾಡುವಾಗಲೇ ಸರಳವಾಗಿ ಹೇಳಿ: ‘ನೀ ಹೇಳಿದ್ದು ನಿನ್ನ ಹೆಸರ ಹಾಕದ ಬರೀತೀನಿ. ಆದ್ರ ನಿಂಗ ಯಾರಾರ ತ್ರಾಸ ಕೊಡ್ಲಕ್ಕತ್ಯಾರ ಅಂತ ಗೊತ್ತಾದ್ರ ನಾ ಸುಮ್ನ ಕೂಡಂಗಿಲ್ಲ.’ ಮಕ್ಕಳ ಸಹಾಯವಾಣಿ 1098 ಸಂಖ್ಯೆ, ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯ ವಿಳಾಸ ಎರಡೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಲಿ.

8. ಯುವಜನರನ್ನು ಓದುವವರಿಗೆ

ಇಲ್ಲಿ ಪೋಷಕರ ಸಹಿಯ ತಾಪತ್ರಯ ಕಡಿಮೆ, ವಿಷಯ ಮಾತ್ರ ಕಡಿಮೆ ಅಲ್ಲ. ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ, ಎಫ್‌ಡಿಎ, ಪಿಡಿಒ ಪರೀಕ್ಷೆಗೆ ವರ್ಷಗಟ್ಟಲೆ ಓದುವ ಹುಡುಗರನ್ನು ನೋಡಿ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ನಡೆಯಿತು. ಅಕ್ರಮ ಹೊರಬಂದು 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರ ಆ ಎರಡು ವರ್ಷ ಎಲ್ಲಿ ಹೋಯಿತು? ಮದುವೆ ಮುಂದಕ್ಕೆ ಹೋಯಿತಾ, ಹೊಲ ಅಣ್ಣನ ಪಾಲಾಯಿತಾ, ವಯೋಮಿತಿ ಮೀರಿತಾ? ಕ್ರೇಗ್ ಜೆಫ್ರಿ ಮೇರಠ್‌ನ ಓದಿದ ಯುವಕರ ಇಂಥದ್ದೇ ಕಾಯುವಿಕೆ ಬಗ್ಗೆ 2010ರಲ್ಲಿ ‘ಟೈಮ್‌ಪಾಸ್’ ಎಂಬ ಪುಸ್ತಕ ಬರೆದಿದ್ದಾನೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಇಲ್ಲಿಯದು ನೋಡಿ.

ಹುಡುಗಿಯರನ್ನು ಮರೆಯಬೇಡಿ. ಸಂಜೆ ಏಳರ ಮೇಲೆ ಲೈಬ್ರರಿಯಲ್ಲಿ, ಚಹಾದಂಗಡಿಯಲ್ಲಿ ಅವರು ಕಾಣಿಸುವುದಿಲ್ಲ, ಹಾಗಂತ ಅವರು ಓದುತ್ತಿಲ್ಲ ಎಂದಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಪುಕ್ಕಟೆ. ಬೆಳಗಿನ ಬಸ್ಸಿನಲ್ಲಿ ಹಳ್ಳಿಯಿಂದ ಬರುವವರ ಜೊತೆ ಕೂತು ಬಂದರೆ, ಹಾಸ್ಟೆಲ್ ಬೇಡ ಎಂದು ಮನೆಯವರು ಯಾಕೆ ತೀರ್ಮಾನಿಸಿದರು ಎಂದು ಅವರೇ ಹೇಳುತ್ತಾರೆ.

9. ಬರೆಯುವಾಗ

ಮಕ್ಕಳ ಮಾತನ್ನು ಅವರ ಭಾಷೆಯಲ್ಲೇ ಇಡಿ, ಶಿಷ್ಟ ಕನ್ನಡಕ್ಕೆ ತಿದ್ದಬೇಡಿ. ಇಂಗ್ಲಿಷ್‌ನಲ್ಲಿ ಬರೆಯುವವರು ಮೂಲ ಮಾತನ್ನು ಅನುಬಂಧದಲ್ಲಿ ಕೊಡಿ. ಹೆಸರು ಬದಲಿಸಿದರೆ ಸಾಲದು. ಅರವತ್ತು ಮನೆಯ ತಾಂಡಾದಲ್ಲಿ ‘ಕಾಲು ಮುರಿದ ತಂದೆಯ ಮೂರನೇ ಮಗಳು’ ಅಂದರೆ ಎಲ್ಲರಿಗೂ ಗೊತ್ತು, ಹಾಗಾಗಿ ಊರನ್ನೂ ಬದಲಿಸಿ, ಗುರುತು ಕೊಡುವ ವಿವರ ತೆಗೆಯಿರಿ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ವ್ಯಾಪ್ತಿಗೆ ಬರುವ ಮಕ್ಕಳ ಗುರುತು ಬಯಲು ಮಾಡುವುದು ಅಪರಾಧವೇ. ಫೋಟೊ ಹಾಕಬೇಡಿ, ಮುಖ ಮಸುಕು ಮಾಡಿದ್ದೂ ಬೇಡ.

10. ಮುಂದೆ ಏನು

ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಅಡಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳಲ್ಲಿ ರಕ್ಷಣಾಧಿಕಾರಿ, ಆಪ್ತಸಮಾಲೋಚಕ ಹುದ್ದೆಗಳಿವೆ. ಹೆಚ್ಚಿನವು ಗುತ್ತಿಗೆ. ಕೆಲಸ ಜಾಸ್ತಿ, ಸಂಬಳ ಕಡಿಮೆ, ತಿಳಿದೇ ಹೋಗಿ. ಸಿಡಿಪಿಒ ಹುದ್ದೆ ಕೆಪಿಎಸ್‌ಸಿಯಿಂದ. ಪಾಠ ಮಾಡಬೇಕು, ಪಿಎಚ್.ಡಿ. ಮಾಡಬೇಕು ಅನ್ನುವವರು ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಬರೆಯಿರಿ. ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಬಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದಕ್ಕೆ ವಯೋಮಿತಿ ಇದೆ, ಎಂ.ಎ. ಎರಡನೇ ವರ್ಷದಲ್ಲಿ ಇರುವಾಗಲೇ ಬರೆಯಬಹುದು, ಕಾಯಬೇಡಿ. ಎನ್‌ಜಿಒ ಸಂದರ್ಶನಕ್ಕೆ ಹೋಗುವಾಗ ಅಂಕಪಟ್ಟಿಯ ಜೊತೆ ಫೀಲ್ಡ್ ಡೈರಿಯ ಎರಡು ಪುಟವನ್ನೂ, ಹೆಸರು ಅಳಿಸಿ, ತಗೊಂಡು ಹೋಗಿ.